ಒಂದೇ ಚೀಟಿ, ಎರಡು ಸ್ಕ್ಯಾನಿಂಗ್ ಸೆಂಟರ್: ಕರುಳಿನ ಕ್ಯಾನ್ಸರ್ ಹರಡಿದೆಯೇ ಎಂದು ನೋಡಿಸಿದ ಅನುಭವ

ನಮ್ಮ ತಂದೆಯವರಿಗೆ ಈಗ 67 ವರ್ಷ. ತಿಪಟೂರು ಸೀಮೆಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಮಲದಲ್ಲಿ ರಕ್ತ ಬೀಳುವುದನ್ನು ಮೂಲವ್ಯಾಧಿ ಎಂದುಕೊಂಡು ಏಳೆಂಟು ತಿಂಗಳು ನಾಟಿ ಔಷಧಿಯಲ್ಲೇ ತಳ್ಳಿದ ಮೇಲೆ, ಕಡೆಗೂ ಮಾಡಿಸಿದ ಕೊಲೊನೋಸ್ಕೋಪಿಯಲ್ಲಿ, ಗುದದ್ವಾರದಿಂದ ಸುಮಾರು 7 ಸೆಂಟಿಮೀಟರ್ ಮೇಲೆ, ವೈದ್ಯರು ರೆಕ್ಟಮ್ ಎನ್ನುವ ಗುದನಾಳದಲ್ಲಿ ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಅದು ಕ್ಯಾನ್ಸರ್ ಎಂದು ಖಚಿತವಾಯಿತು. ಬೇರೆ ಕಡೆ ಹರಡಿದೆಯೋ ಇಲ್ಲವೋ ಗೊತ್ತಾಗದೆ ಚಾಕು ಮುಟ್ಟುವುದಿಲ್ಲ ಎಂದು ಹೇಳಿದ ಬೆಂಗಳೂರಿನ ಶಸ್ತ್ರಚಿಕಿತ್ಸಕರು ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿದ್ದದ್ದು ಮೂರು ಸಾಲು: ಎದೆ, ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಕಾಂಟ್ರಾಸ್ಟ್ ಸಿಟಿ (ಅಂಗಗಳು ಎದ್ದು ಕಾಣಲೆಂದು ನಾಳಕ್ಕೆ ಔಷಧಿ ಕೊಟ್ಟು ತೆಗೆಯುವುದು), ರೆಕ್ಟಲ್ ಪ್ರೋಟೋಕಾಲ್ (ಗುದನಾಳಕ್ಕೆಂದೇ ಇರುವ ಕ್ರಮ) ಪ್ರಕಾರ ಪೆಲ್ವಿಸ್ ಅಂದರೆ ಕಿಬ್ಬೊಟ್ಟೆಯ ಎಂಆರ್‌ಐ, ರಕ್ತದಲ್ಲಿ ಸಿಇಎ (ಕರುಳಿನ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನ್). ಆ ಒಂದು ಚೀಟಿ ಹಿಡಿದುಕೊಂಡು ನಾವು ಎರಡು ಸ್ಕ್ಯಾನಿಂಗ್ ಸೆಂಟರ್‌ಗಳ ಮೆಟ್ಟಿಲು ಹತ್ತಬೇಕಾಯಿತು. ಎರಡರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಹೆಸರು ಬರೆದರೆ ಓದುವವರು ಹೆಸರನ್ನಷ್ಟೇ ಗುರುತು ಹಾಕಿಕೊಂಡು, ಅಲ್ಲಿ ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ಮರೆತುಬಿಡುತ್ತಾರೆ.

ಮೊದಲನೆಯದು ಊರಿಗೆ ಹತ್ತಿರದ ಪಟ್ಟಣದ್ದು. ಹೊರಗೆ ‘128 ಸ್ಲೈಸ್ ಸಿಟಿ’ ಎಂದು ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂಥ ಫಲಕ, ಒಳಗೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಕಡ್ಡಾಯದ ಫಲಕ, ಅದರ ಪಕ್ಕದಲ್ಲಿ ರಿಯಾಯಿತಿಯ ಪ್ಯಾಕೇಜುಗಳ ಪಟ್ಟಿ. ಕೌಂಟರಿನಲ್ಲಿದ್ದ ಹುಡುಗ ಚೀಟಿಯ ಮೇಲೆ ಕಣ್ಣಾಡಿಸಿ, “ಹೋಲ್ ಅಬ್ಡೊಮೆನ್ ಪ್ಯಾಕೇಜ್ ಇದೆ ಸಾರ್, ಅದ್ರಲ್ಲಿ ಎಲ್ಲಾ ಬರುತ್ತೆ” ಎಂದ. ಎಲ್ಲವೂ ಬರುತ್ತದೆ ಎಂದರೆ ಎದೆಯೂ ಬರುತ್ತದೆ ಎಂದುಕೊಂಡ ನಾನು ದುಡ್ಡು ಕಟ್ಟಿದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಇದೆಯೇ ಎಂದು ಯಾರೂ ಕೇಳಲಿಲ್ಲ. ತಂದೆಯವರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಾರೆ ಎಂಬುದನ್ನು ನಾನೇ ಹೇಳಿದಾಗ “ಏನೂ ಆಗಲ್ಲ” ಎಂಬ ಉತ್ತರ ಬಂತು. ಕಾಂಟ್ರಾಸ್ಟ್ ಔಷಧಿಯನ್ನು ದೇಹದಿಂದ ಹೊರಹಾಕುವ ಕೆಲಸ ಮೂತ್ರಪಿಂಡದ್ದಾದ್ದರಿಂದ ಅದರ ಸ್ಥಿತಿ ಮೊದಲೇ ತಿಳಿದಿರಬೇಕು, ಮೂತ್ರಪಿಂಡ ದುರ್ಬಲವಾಗಿರುವವರು ಆ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕಾಗಬಹುದು ಎಂಬ ಸಾಮಾನ್ಯ ತಿಳಿವಳಿಕೆ ಅಂದು ನನಗೂ ಇರಲಿಲ್ಲ.

ಒಳಗೆ ನಡೆದದ್ದನ್ನು ತಂದೆಯವರೇ ಆಮೇಲೆ ಹೇಳಿದರು. ಸೊಂಟದಲ್ಲಿದ್ದ ಬೆಳ್ಳಿಯ ಉಡಿದಾರವನ್ನು ಬಿಚ್ಚಿಸದೆಯೇ ಅವರನ್ನು ಸಿಟಿ ಮೇಜಿನ ಮೇಲೆ ಮಲಗಿಸಲಾಯಿತು. ಅದು ಕಣ್ಣಿಗೆ ಬಿದ್ದದ್ದು ಆಮೇಲೆ, ಎಂಆರ್‌ಐ ಕೋಣೆಯ ಬಾಗಿಲಲ್ಲಿ. ಸಿಟಿ ಯಂತ್ರದೊಳಗಿಂದ ರೆಕಾರ್ಡ್ ಮಾಡಿದ ದನಿಯೊಂದು ಹಿಂದಿಯಲ್ಲಿ ಉಸಿರು ಬಿಗಿಹಿಡಿಯಲು ಹೇಳುತ್ತಿತ್ತಂತೆ. ತಂದೆಯವರಿಗೆ ಹಿಂದಿ ಬರುವುದಿಲ್ಲ. “ಯಾರೋ ಮಾತಾಡಿದ್ರಪ್ಪ, ನನ್ನನ್ನೇ ಕೇಳಿದ್ರೇನೋ ಅಂತ ‘ಹೂಂ’ ಅಂದೆ” ಎಂದರು. ಯಕೃತ್ತಿನ ಚಿತ್ರ ಮೂಡುವ ಆ ಕೆಲವು ಸೆಕೆಂಡುಗಳಲ್ಲಿ ಅವರು ಉಸಿರಾಡುತ್ತಲೂ ‘ಹೂಂ’ಗುಡುತ್ತಲೂ ಇದ್ದರು.

ಮೂರನೆಯ ದಿನ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸಕರು ಸಿಡಿಯನ್ನು ಕಂಪ್ಯೂಟರಿಗೆ ಹಾಕಿ ಮೌಸನ್ನು ಮೇಲಕ್ಕೂ ಕೆಳಕ್ಕೂ ಉರುಳಿಸುತ್ತ ಎರಡು ನಿಮಿಷ ಸುಮ್ಮನಿದ್ದರು. ಮೊದಲು ಅವರು ಕೇಳಿದ್ದು, ಎದೆ ಎಲ್ಲಿ ಎಂದು. ಎದೆಯ ಚಿತ್ರವೇ ಇರಲಿಲ್ಲ. ಹೊಟ್ಟೆಯ ಪ್ಯಾಕೇಜಿನಲ್ಲಿ ಶ್ವಾಸಕೋಶದ ತಳಭಾಗ ನಾಲ್ಕು ಬೆರಳಿನಷ್ಟು ಬಂದಿತ್ತು, ಅಷ್ಟೇ. ಅದು ಏಕೆ ಮುಖ್ಯ ಎಂಬುದನ್ನು ಅವರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ದೊಡ್ಡಕರುಳಿನಿಂದಲೂ ಗುದನಾಳದ ಮೇಲ್ಭಾಗದಿಂದಲೂ ಹೊರಟ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಯಕೃತ್ತಿಗೇ ಹೋಗುವುದರಿಂದ, ಕರುಳಿನ ಕ್ಯಾನ್ಸರ್ ದೂರದ ಅಂಗಕ್ಕೆ ಹರಡಿದರೆ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಯಕೃತ್ತಿನಲ್ಲಿ. ಆದರೆ ಗುದನಾಳದ ಕೆಳಭಾಗದ ರಕ್ತಕ್ಕೆ ಇನ್ನೊಂದು ದಾರಿಯೂ ಇದೆ. ಆ ದಾರಿಯಲ್ಲಿ ಹೊರಟದ್ದು ಯಕೃತ್ತಿಗೆ ಹೋಗದೆಯೇ, ಹೃದಯದ ಬಲಭಾಗಕ್ಕೆ ಸೇರಿ, ಅಲ್ಲಿಂದ ನೇರವಾಗಿ ಶ್ವಾಸಕೋಶಕ್ಕೆ ಹೋಗಬಲ್ಲದು. ಆದ್ದರಿಂದ ಇಂಥ ರೋಗಿಯ ಎದೆಯನ್ನು ಬಿಟ್ಟು ಹೊಟ್ಟೆಯನ್ನಷ್ಟೇ ನೋಡುವುದೆಂದರೆ ಮನೆಯ ಹಿತ್ತಲ ಬಾಗಿಲನ್ನು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕಿದಂತೆ. (ಈ ಹೋಲಿಕೆ ನನ್ನದು, ಅವರದಲ್ಲ.)

ಎರಡನೆಯದು ಯಕೃತ್ತು. ನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಹೋದ ಸುಮಾರು 70 ಸೆಕೆಂಡಿನ ಹೊತ್ತಿಗೆ ತೆಗೆದ ಚಿತ್ರವೇ ಇಲ್ಲಿ ಬೇಕಾದದ್ದು. ಆರೋಗ್ಯವಂತ ಯಕೃತ್ತಿಗೆ ಸುಮಾರು ಮುಕ್ಕಾಲು ಪಾಲು ರಕ್ತ ಪೋರ್ಟಲ್ ನಾಳದಿಂದ ಬರುವುದರಿಂದ ಆ ಹೊತ್ತಿನಲ್ಲಿ ಅದು ಚಿತ್ರದಲ್ಲಿ ಬೆಳ್ಳಗೆ ತುಂಬಿಕೊಳ್ಳುತ್ತದೆ. ಹರಡಿ ಬಂದು ಕೂತ ಗಂಟುಗಳು ಮುಖ್ಯವಾಗಿ ಅಪಧಮನಿಯ ರಕ್ತವನ್ನು ನಂಬಿಕೊಂಡಿರುವುದರಿಂದ ಆ ಬಿಳುಪಿನ ನಡುವೆ ಮಸುಕು ಚುಕ್ಕೆಗಳಾಗಿ ಉಳಿಯುತ್ತವೆ. ನಮ್ಮ ಚಿತ್ರದಲ್ಲಿ ಸಮಯ ಸರಿಯಾಗಿಯೇ ಇತ್ತು, ಆದರೆ ಉಸಿರಾಟದಿಂದ ಯಕೃತ್ತಿನ ಅಂಚು ಎರಡೆರಡಾಗಿ ಕಾಣುತ್ತಿತ್ತು. ಕಿಬ್ಬೊಟ್ಟೆಯ ಮಟ್ಟಕ್ಕೆ ಇಳಿದಾಗ ಉಡಿದಾರ ತನ್ನ ಕೆಲಸ ತೋರಿಸಿತ್ತು: ಸೊಂಟದ ಸುತ್ತಲಿಂದ ಒಳಮುಖವಾಗಿ ಬಿಳಿ ಕಪ್ಪು ಗೆರೆಗಳು ಚಿಮ್ಮಿ, ನೋಡಬೇಕಾದ ಜಾಗದ ಮೇಲೆಯೇ ಹಾದುಹೋಗಿದ್ದವು.

ಎಂಆರ್‌ಐ ಇನ್ನೂ ಬೇಸರದ ಸಂಗತಿ. ರಿಪೋರ್ಟಿನಲ್ಲಿ ಇದ್ದದ್ದು ಇಷ್ಟು: ಗುದನಾಳದ ಗೋಡೆ ದಪ್ಪವಾಗಿದೆ, ಸುತ್ತ ಕೆಲವು ದುಗ್ಧಗ್ರಂಥಿಗಳು ಕಾಣುತ್ತವೆ, ರೋಗಲಕ್ಷಣಗಳೊಂದಿಗೆ ತಾಳೆ ನೋಡತಕ್ಕದ್ದು. ಗೋಡೆ ದಪ್ಪವಾಗಿರುವುದು ಕೊಲೊನೋಸ್ಕೋಪಿ ಮಾಡಿದ ದಿನವೇ ಗೊತ್ತಿತ್ತು. ಚಿತ್ರಗಳನ್ನು 5 ಮಿಲಿಮೀಟರ್ ದಪ್ಪದ ಪದರಗಳಲ್ಲಿ, ಇಡೀ ಕಿಬ್ಬೊಟ್ಟೆಗೆ ಅನ್ವಯಿಸುವ ಸಾಧಾರಣ ಕ್ರಮದಲ್ಲಿ ತೆಗೆದಿದ್ದರು. ಗುದನಾಳದ ಗಡ್ಡೆಗೆ ಬೇಕಾದ ಕ್ರಮ ಬೇರೆ: 3 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಪದರಗಳಲ್ಲಿ, ಗಡ್ಡೆ ಇರುವ ಜಾಗದಲ್ಲಿ ಕರುಳು ಯಾವ ಕೋನದಲ್ಲಿ ಬಾಗಿದೆಯೋ ಅದಕ್ಕೆ ಲಂಬವಾಗಿ, ಟಿ2 ಎಂಬ ವಿಧದ ಸೂಕ್ಷ್ಮ ಚಿತ್ರಗಳನ್ನು ತೆಗೆಯಬೇಕು, ಇದಕ್ಕೆ ಕಾಂಟ್ರಾಸ್ಟ್ ಚುಚ್ಚುಮದ್ದು ಅಗತ್ಯವೇ ಇಲ್ಲ. ಮೊದಲ ಸೆಂಟರಿನವರು ಆ ಚುಚ್ಚುಮದ್ದನ್ನು ಕೊಟ್ಟು ಅದಕ್ಕೆ ಬೇರೆ ಬಿಲ್ ಹಾಕಿದ್ದರು. ಬೇಡದ್ದಕ್ಕೆ ಹಣ ಕೊಟ್ಟು ಬೇಕಾದದ್ದನ್ನು ಪಡೆಯದೆ ಬಂದೆವು ಎಂಬುದನ್ನು ವೈದ್ಯರು ಮೆಲುದನಿಯಲ್ಲೇ ಹೇಳಿದರೂ ನನಗೆ ಕೆನ್ನೆಗೆ ಹೊಡೆದಂತಾಯಿತು.

ಈ ಮಿಲಿಮೀಟರ್ ಲೆಕ್ಕವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಇಡೀ ಚಿಕಿತ್ಸೆಯ ಕ್ರಮ ಇದರ ಮೇಲೆ ನಿಂತಿದೆ. ಗುದನಾಳದ ಸುತ್ತ ಕೊಬ್ಬಿನ ಒಂದು ಹೊದಿಕೆ ಇದೆ, ಆ ಕೊಬ್ಬನ್ನು ತೆಳುವಾದ ಪೊರೆಯೊಂದು ಸುತ್ತಿಕೊಂಡಿದೆ. ಶಸ್ತ್ರಚಿಕಿತ್ಸಕರು ಆ ಪೊರೆಯ ಹೊರಗಿನಿಂದ ಬಿಡಿಸಿ ಇಡೀ ಪೊಟ್ಟಣವನ್ನೇ ತೆಗೆಯುತ್ತಾರೆ. ತೆಗೆದ ಪೊಟ್ಟಣದ ಅಂಚಿನಲ್ಲಿ ಕ್ಯಾನ್ಸರ್ ಇದ್ದರೆ ಅದು ಅದೇ ಜಾಗದಲ್ಲಿ ಮತ್ತೆ ಬರುವ ಅಪಾಯ ಹೆಚ್ಚು ಎಂಬುದನ್ನು ಇಂಗ್ಲೆಂಡಿನ ಲೀಡ್ಸ್‌ನ ರೋಗಶಾಸ್ತ್ರಜ್ಞರು 1986ರಲ್ಲೇ ತೋರಿಸಿದ್ದರು. ಆ ಅಂಚು ನಿರ್ಮಲವಾಗಿ ಬರುತ್ತದೆಯೇ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಎಂಆರ್‌ಐ ಹೇಳಬಲ್ಲದು ಎಂಬುದನ್ನು 2006ರಲ್ಲಿ ಪ್ರಕಟವಾದ, ಯೂರೋಪಿನ ನಾಲ್ಕು ದೇಶಗಳ 408 ರೋಗಿಗಳನ್ನೊಳಗೊಂಡ ಮರ್ಕ್ಯುರಿ ಅಧ್ಯಯನ ತೋರಿಸಿಕೊಟ್ಟಿತು. ಗಡ್ಡೆಯು ಪೊರೆಗೆ 1 ಮಿಲಿಮೀಟರ್‌ಗಿಂತ ಹತ್ತಿರವಿದ್ದರೆ ಅಂಚು ಅಪಾಯದಲ್ಲಿದೆ ಎಂದು ಲೆಕ್ಕ. ಆಗ ಸಾಮಾನ್ಯವಾಗಿ ಮೊದಲು ವಿಕಿರಣ ಮತ್ತು ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ ಆಮೇಲೆ ಶಸ್ತ್ರಚಿಕಿತ್ಸೆಗೆ ಹೋಗುತ್ತಾರೆ. ಒಂದು ಮಿಲಿಮೀಟರನ್ನು ಅಳೆಯಬೇಕಾದ ಕಡೆ ಐದು ಮಿಲಿಮೀಟರ್ ದಪ್ಪದ ಚೂರುಗಳನ್ನು ಕೊಟ್ಟರೆ ಏನು ಉಪಯೋಗ?

ಎರಡನೆಯ ಸೆಂಟರ್ ಬೆಂಗಳೂರಿನದು. ಫಲಕ ಚಿಕ್ಕದು, ಯಂತ್ರ ಮೊದಲಿನದಕ್ಕಿಂತ ಹಳೆಯದು ಎಂದೇ ಹೇಳಬೇಕು. ಕೌಂಟರಿನ ಹೆಣ್ಣುಮಗಳು ಚೀಟಿಯನ್ನು ಪೂರ್ತಿ ಓದಿ, ಕೊಲೊನೋಸ್ಕೋಪಿ ರಿಪೋರ್ಟ್, ಬಯಾಪ್ಸಿ ರಿಪೋರ್ಟ್, ಕ್ರಿಯಾಟಿನಿನ್, ಹಳೆಯ ಸ್ಕ್ಯಾನಿನ ಸಿಡಿ ಈ ನಾಲ್ಕನ್ನೂ ಕೇಳಿ ಪಡೆದು ಒಂದು ಫೈಲಿಗೆ ಸೇರಿಸಿದರು. ತಂದೆಯವರ ಕ್ರಿಯಾಟಿನಿನ್ 1.1 ಇತ್ತು, ಅದರಿಂದ ಮೂತ್ರಪಿಂಡದ ಸಾಮರ್ಥ್ಯದ ಅಂದಾಜನ್ನು ಲೆಕ್ಕಹಾಕಿ, ಮಾತ್ರೆ ನಿಲ್ಲಿಸುವ ಅಗತ್ಯವಿಲ್ಲ ಎಂದು ಬರೆದುಕೊಂಡರು. ಯಾವುದಾದರೂ ಔಷಧಿಗೆ ಹಿಂದೆ ಮೈಮೇಲೆ ಗಂಧೆ ಎದ್ದದ್ದುಂಟೇ, ಉಬ್ಬಸ ಉಂಟೇ, ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ರಾಡ್ ಇದೆಯೇ ಎಂಬ ಪ್ರಶ್ನೆಗಳಿದ್ದ ಹಾಳೆ ಕನ್ನಡದಲ್ಲಿತ್ತು. ಉಡಿದಾರ ಈ ಸಲ ಬಟ್ಟೆ ಬದಲಿಸುವ ಕೋಣೆಯಲ್ಲೇ ಕಳಚಿ ನನ್ನ ಜೇಬಿಗೆ ಬಂತು.

ಇಲ್ಲಿಯ ತಂತ್ರಜ್ಞರು ಯಂತ್ರದ ರೆಕಾರ್ಡಿಂಗನ್ನು ಬಂದ್ ಮಾಡಿ, ಮೈಕಿನಲ್ಲಿ ತಾವೇ ಮಾತಾಡಿದರು. ಅದಕ್ಕೂ ಮೊದಲು ತಂದೆಯವರ ಪಕ್ಕದಲ್ಲಿ ನಿಂತು, “ಯಜಮಾನ್ರೇ, ಔಷಧಿ ಹೋಗುವಾಗ ಮೈಯೆಲ್ಲಾ ಬೆಚ್ಚಗಾಗುತ್ತೆ, ಬಾಯಲ್ಲಿ ಕಬ್ಬಿಣ ನೆಕ್ಕಿದಂಗೆ ಇರುತ್ತೆ, ಒಂದಕ್ಕೆ ಹೋಗ್ಬಿಟ್ನೇನೋ ಅನ್ಸುತ್ತೆ, ಏನೂ ಆಗಿರಲ್ಲ, ಹೆದರ್ಬೇಡಿ. ನಾನು ಹೇಳ್ದಾಗ ಉಸಿರು ಎಳ್ಕೊಂಡು ಹಿಡ್ಕೊಳ್ಳಿ, ಬಿಡಿ ಅಂದ್ಮೇಲೆ ಬಿಡಿ” ಎಂದು ಎರಡು ಸಲ ಅಭ್ಯಾಸ ಮಾಡಿಸಿದರು. ಈ ಒಂದು ನಿಮಿಷದ ಬೆಲೆ ಯಾವ ದರಪಟ್ಟಿಯಲ್ಲೂ ಇಲ್ಲ, ಆದರೆ ಯಕೃತ್ತಿನ ಅಂಚು ಈ ಸಲ ಗೆರೆ ಎಳೆದಂತೆ ಬಂದಿತ್ತು. ಸ್ಕ್ಯಾನ್ ಮುಗಿದ ಮೇಲೆ ಸೂಜಿಯನ್ನು ತೆಗೆಯದೆ ಅರ್ಧ ಗಂಟೆ ಕೂರಿಸಿ, ಅಲರ್ಜಿಯ ಸೂಚನೆ ಇಲ್ಲ ಎಂದು ಖಚಿತಪಡಿಸಿಕೊಂಡೇ ಬಿಟ್ಟರು. ಎಂಆರ್‌ಐಗೆ ಮುಂಚೆ ಕರುಳಿನ ಅಲುಗಾಟ ನಿಲ್ಲಿಸುವ ಒಂದು ಚುಚ್ಚುಮದ್ದು ಕೊಟ್ಟರು. ನಲವತ್ತು ನಿಮಿಷದ ಗದ್ದಲವನ್ನು ತಂದೆಯವರು ಕಿವಿಗೆ ಹತ್ತಿ ತುರುಕಿಕೊಂಡು ಕಳೆದರು, ಆಚೆ ಬಂದು “ಕೊಬ್ಬರಿ ಮಿಲ್ಲೇ ವಾಸಿ” ಎಂದರು.

ರಿಪೋರ್ಟ್ ಎರಡು ಪುಟವಿತ್ತು. ಗುದದ್ವಾರದಿಂದ ಗಡ್ಡೆಗೆ ಇರುವ ಅಂತರ, ಅದರ ಉದ್ದ, ಸ್ನಾಯುಪದರವನ್ನು ದಾಟಿ ಎಷ್ಟು ಮಿಲಿಮೀಟರ್ ಕೊಬ್ಬಿನೊಳಗೆ ಹೋಗಿದೆ, ಪೊರೆಗೆ ಎಷ್ಟು ಹತ್ತಿರವಿದೆ, ಸುತ್ತಲಿನ ರಕ್ತನಾಳದೊಳಗೆ ಹೊಕ್ಕಿದೆಯೇ, ಮಲವನ್ನು ಹಿಡಿದಿಡುವ ಸ್ನಾಯು ಉಳಿಯುವಂತಿದೆಯೇ ಎಂಬ ಪ್ರತಿಯೊಂದಕ್ಕೂ ಪ್ರತ್ಯೇಕ ಸಾಲು. ಪೊರೆಯಿಂದ ಇರುವ ಅಂತರ 1 ಮಿಲಿಮೀಟರ್‌ಗಿಂತ ಕಡಿಮೆ ಎಂದಿತ್ತು. ಆ ಒಂದು ಸಾಲಿನಿಂದ, ಎರಡು ವಾರದೊಳಗೆ ಆಗಬೇಕಿದ್ದ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗಿ ವಿಕಿರಣ ಚಿಕಿತ್ಸೆ ಮೊದಲಾಯಿತು. ದುಗ್ಧಗ್ರಂಥಿಗಳ ವಿಷಯದಲ್ಲಿ ಮಾತ್ರ ರಿಪೋರ್ಟ್ ಜಾಗರೂಕವಾಗಿತ್ತು, ಅದು ಸರಿಯೂ ಹೌದು: ಬರೀ ಉರಿಯೂತದಿಂದ ದೊಡ್ಡದಾದ ಗ್ರಂಥಿಗಳೂ ಇರುತ್ತವೆ, ಚಿಕ್ಕದಾಗಿ ಕಂಡರೂ ಒಳಗೆ ಕ್ಯಾನ್ಸರ್ ಕೂತಿರುವ ಗ್ರಂಥಿಗಳೂ ಇರುತ್ತವೆ, ಗಾತ್ರವೊಂದನ್ನೇ ನೋಡಿ ಯಾವ ಸ್ಕ್ಯಾನೂ ಖಚಿತವಾಗಿ ಹೇಳಲಾರದು.

ಈ ಸೆಂಟರಿನ ಬಗ್ಗೆ ನನ್ನ ದೊಡ್ಡ ದೂರು ರಿಪೋರ್ಟ್ ತಲುಪಿಸಿದ ರೀತಿಗೆ ಸಂಬಂಧಿಸಿದ್ದು. ರಾತ್ರಿ ಒಂಬತ್ತೂವರೆಗೆ, ವೈದ್ಯರ ಭೇಟಿಗೆ ಇನ್ನೂ ಎರಡು ದಿನವಿರುವಾಗ, ಅದು ಸೀದಾ ವಾಟ್ಸ್ಆ್ಯಪಿಗೆ ಬಂತು. ಸಿಟಿಯ ಕೊನೆಯಲ್ಲಿ ಎರಡು ಸಂಗತಿಗಳಿದ್ದವು: ಯಕೃತ್ತಿನಲ್ಲಿ 7 ಮಿಲಿಮೀಟರಿನ ಒಂದು ಚುಕ್ಕೆ, ಇಂಥದ್ದೇ ಎಂದು ಹೇಳಲಾಗದಷ್ಟು ಚಿಕ್ಕದು, ಬಲ ಶ್ವಾಸಕೋಶದಲ್ಲಿ 4 ಮಿಲಿಮೀಟರಿನ ಒಂದು ಗಂಟು, ಹರಡಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಕಾಲೇಜಿಗೆ ಹೋಗುವ ನನ್ನ ತಂಗಿಯ ಮಗ ಅದನ್ನು ಓದಿ ಅಜ್ಜನದು ನಾಲ್ಕನೇ ಸ್ಟೇಜ್, ಅಂದರೆ ದೂರದ ಅಂಗಕ್ಕೆ ಹರಡಿದ ಹಂತ, ಎಂದುಬಿಟ್ಟ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಮಾರನೆಯ ದಿನ ಸೆಂಟರಿಗೆ ಫೋನ್ ಮಾಡಿದಾಗ ಚಿತ್ರಗಳನ್ನು ಓದಿ ರಿಪೋರ್ಟ್ ಬರೆಯುವ ವೈದ್ಯರಾದ ರೇಡಿಯಾಲಜಿಸ್ಟ್ ತಾವೇ ಮಾತಾಡಿ ಸಮಾಧಾನವಾಗಿ ವಿವರಿಸಿದರು: ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಚುಕ್ಕೆಗಳ ಸ್ವಭಾವವನ್ನು ಸಿಟಿ ಸರಿಯಾಗಿ ಹೇಳಲಾರದು, ಅವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ ನೀರುಗುಳ್ಳೆಗಳಾಗಿರುತ್ತವೆ, ಆದರೂ ಕ್ಯಾನ್ಸರ್ ರೋಗಿಯಲ್ಲಿ ಅದನ್ನು ಬರೆಯದೆ ಬಿಡುವಂತಿಲ್ಲ. ಇದೇ ಮಾತು ರಿಪೋರ್ಟಿನೊಂದಿಗೇ ಬಂದಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಯಕೃತ್ತಿನ ಚುಕ್ಕೆಗಾಗಿ ಅಲ್ಲೇ ಇನ್ನೊಂದು ಎಂಆರ್‌ಐ ಆಯಿತು. ಇದಕ್ಕೆ ಬಳಸಿದ ಕಾಂಟ್ರಾಸ್ಟ್ ವಿಶೇಷವಾದದ್ದು, ಬೆಲೆಯೂ ಹೆಚ್ಚು. ಅದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆದರು. ಈ ಔಷಧಿಯನ್ನು ಯಕೃತ್ತಿನ ಆರೋಗ್ಯವಂತ ಜೀವಕೋಶಗಳು ಹೀರಿಕೊಳ್ಳುತ್ತವೆ. ಸುಮಾರು ಇಪ್ಪತ್ತು ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಯಕೃತ್ತು ಬೆಳ್ಳಗಾಗಿ, ಹೀರಿಕೊಳ್ಳಲಾಗದ ಜಾಗಗಳು ಕಪ್ಪಾಗಿ ಉಳಿಯುತ್ತವೆ. ಹರಡಿದ ಗಂಟೂ ಕಪ್ಪು, ನೀರುಗುಳ್ಳೆಯೂ ಕಪ್ಪು. ಆದರೆ ನೀರುಗುಳ್ಳೆ ಟಿ2 ಚಿತ್ರದಲ್ಲಿ ದೀಪದಂತೆ ಹೊಳೆಯುತ್ತದೆ, ಅದರೊಳಗೆ ಕಾಂಟ್ರಾಸ್ಟ್ ಇಳಿಯುವುದಿಲ್ಲ. ನಮ್ಮದು ಹೊಳೆಯಿತು. ಬೇರೆಲ್ಲೂ ಹೊಸ ಚುಕ್ಕೆ ಇರಲಿಲ್ಲ. ಶ್ವಾಸಕೋಶದ ಗಂಟಿಗೆ ಸೂಜಿ ಹಾಕುವುದಕ್ಕೂ ಅದು ತೀರಾ ಚಿಕ್ಕದಾದ್ದರಿಂದ ಮೂರು ತಿಂಗಳ ನಂತರ ಮತ್ತೆ ಸಿಟಿ ಮಾಡಿ ಬೆಳೆದಿದೆಯೇ ನೋಡುವುದೆಂದು ತೀರ್ಮಾನವಾಯಿತು. ಸಿಇಎ 8.2 ಇತ್ತು, 5ರ ಒಳಗಿರಬೇಕಾದದ್ದು ಅಷ್ಟಿದ್ದರೆ ಹರಡಿದೆ ಎಂದೇನೂ ಅರ್ಥವಲ್ಲ, ಮುಂದೆ ಹೋಲಿಸಲು ಒಂದು ಆರಂಭದ ಲೆಕ್ಕ ಸಿಕ್ಕಿತು ಎಂದಷ್ಟೇ ವೈದ್ಯರು ಹೇಳಿದರು.

ಗ್ಲೂಕೋಸಿನಂಥ ಔಷಧಿಯನ್ನು ಗಡ್ಡೆ ಎಲ್ಲಿ ಹೀರುತ್ತಿದೆ ಎಂದು ಮೈಯೆಲ್ಲ ಹುಡುಕುವ ಪೆಟ್ ಸ್ಕ್ಯಾನ್ ವಿಷಯ ಹೇಳಲೇಬೇಕು, ಏಕೆಂದರೆ ನೆಂಟರಲ್ಲಿ ಅರ್ಧ ಜನ “ಸುಮ್ಮನೆ ಪೆಟ್ ಮಾಡಿಸಿಬಿಡಿ, ಒಂದೇ ಸಲಕ್ಕೆ ಇಡೀ ಮೈ ಗೊತ್ತಾಗುತ್ತೆ” ಎಂದು ಒತ್ತಾಯಿಸಿದರು. ಮೊದಲ ಸೆಂಟರಿನವರೂ ಬೇರೆ ಊರಿನ ತಮ್ಮ ಶಾಖೆಯಲ್ಲಿ ಮಾಡಿಸಿಕೊಡುವುದಾಗಿ ಎರಡು ಸಲ ಫೋನ್ ಮಾಡಿದ್ದರು. ನಮ್ಮ ಶಸ್ತ್ರಚಿಕಿತ್ಸಕರು ಬೇಡವೆಂದರು. ಹೊಸದಾಗಿ ಪತ್ತೆಯಾದ ಕರುಳಿನ ಕ್ಯಾನ್ಸರಿನಲ್ಲಿ ಒಳ್ಳೆಯ ಸಿಟಿ ಇರುವಾಗ ಪೆಟ್ ಅನ್ನು ಎಲ್ಲರಿಗೂ ವಾಡಿಕೆಯಾಗಿ ಮಾಡುವುದಿಲ್ಲ. ಯಕೃತ್ತಿಗೆ ಹರಡಿ ಅದನ್ನು ಕತ್ತರಿಸಿ ತೆಗೆಯಬಹುದಾದ ರೋಗಿಗಳ ಮೇಲೆ ಕೆನಡಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿಯೂ, ಪೆಟ್ ಸಿಟಿಯಿಂದ ಶಸ್ತ್ರಚಿಕಿತ್ಸೆಯ ಯೋಜನೆ ಬದಲಾದದ್ದು ನೂರರಲ್ಲಿ ಎಂಟು ಮಂದಿಯಲ್ಲಿ ಮಾತ್ರ. ಲೋಳೆ ಹೆಚ್ಚಾಗಿರುವ ಬಗೆಯ ಗಡ್ಡೆಗಳೂ ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂಟುಗಳೂ ಅದರ ಕಣ್ಣಿಗೆ ಬೀಳದೆ ಹೋಗಬಹುದು. ನಮ್ಮ 4 ಮಿಲಿಮೀಟರಿನ ಗಂಟಿನ ಬಗ್ಗೆ ಅದು ಏನನ್ನೂ ಹೇಳುತ್ತಿರಲಿಲ್ಲ.

ಹಾಗೆಂದು ಪೆಟ್ ಬರೀ ದುಡ್ಡು ಕೀಳುವ ಉಪಾಯ ಎನ್ನುವುದೂ ತಪ್ಪು. ಎರಡನೆಯ ಸೆಂಟರಿನಲ್ಲಿ ನಮ್ಮ ಪಕ್ಕ ಕೂತಿದ್ದ ಶಿವಮೊಗ್ಗ ಕಡೆಯ ನಿವೃತ್ತ ಮೇಡಂ ಒಬ್ಬರಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷದ ಮೇಲೆ ಸಿಇಎ ಏರತೊಡಗಿತ್ತು, ಸಿಟಿಯಲ್ಲಿ ಏನೂ ಕಂಡಿರಲಿಲ್ಲ. ಅಂಥ ಸಂದರ್ಭಕ್ಕೇ ಪೆಟ್ ಇರುವುದು. ಅವರು ಅಂದು ಬಂದದ್ದು ಎರಡನೆಯ ಸಲ. ಮೊದಲ ಸಲ ಬೆಳಿಗ್ಗೆ ಸಕ್ಕರೆ 240 ಬಂದದ್ದರಿಂದ ವಾಪಸ್ ಕಳಿಸಿದ್ದರಂತೆ. ನಾಳಕ್ಕೆ ಕೊಡುವುದು ವಿಕಿರಣದ ಗುರುತು ಹಾಕಿದ ಗ್ಲೂಕೋಸ್. ರಕ್ತದಲ್ಲಿ ಮೊದಲೇ ಸಕ್ಕರೆ ತುಂಬಿದ್ದರೆ ಗಡ್ಡೆ ಅದನ್ನು ಸರಿಯಾಗಿ ಹೀರುವುದಿಲ್ಲ, ಆದ್ದರಿಂದ ಸಾಮಾನ್ಯವಾಗಿ 200ರ ಒಳಗೆ ಇರಬೇಕು ಎನ್ನುತ್ತಾರೆ. ಆ ಗುರುತಿನ ಔಷಧಿ ಪ್ರತಿ 110 ನಿಮಿಷಕ್ಕೆ ಅರ್ಧವಾಗಿ ಕರಗುತ್ತ ಹೋಗುವುದರಿಂದ ಅದನ್ನು ತರಿಸಿಟ್ಟುಕೊಂಡು ನಾಳೆಗೆ ಬಳಸುವಂತಿಲ್ಲ. ಹೇಳಿದ ಹೊತ್ತಿಗೆ ಹೋಗದಿದ್ದರೆ ಅವರ ಔಷಧಿಯೂ ನಮ್ಮ ಸರದಿಯೂ ಹೋಯಿತು. “ಮೊಮ್ಮಗಳನ್ನ ಇವತ್ತು ಎತ್ಕೋಬಾರ್ದಂತೆ ಕಣಪ್ಪ” ಎಂದು ಆಕೆ ನಕ್ಕರು.

ಅಂಕ ಕೊಡಬೇಕೆಂದರೆ ಮೊದಲನೆಯದಕ್ಕೆ ಐದರಲ್ಲಿ ಒಂದು, ಅದೂ ಕಾಯಿಸದೆ ಒಂದು ಗಂಟೆಯಲ್ಲಿ ಎಲ್ಲವನ್ನೂ ಮುಗಿಸಿಕೊಟ್ಟದ್ದಕ್ಕೆ. ಎರಡನೆಯದಕ್ಕೆ ನಾಲ್ಕು, ವಾಟ್ಸ್ಆ್ಯಪ್ ರಿಪೋರ್ಟಿಗೆ ಅರ್ಧ, ಸಮಯ ಕೊಟ್ಟೂ ಮೂರು ಗಂಟೆ ಕೂರಿಸಿದ್ದಕ್ಕೆ ಅರ್ಧ ಕಳೆದಿದ್ದೇನೆ. ದರದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಈ ಸ್ಕ್ಯಾನ್ ಮಾಡಿಸಲು ಹೋಗುವವರು ಯಂತ್ರ ಎಷ್ಟು ಸ್ಲೈಸಿನದು ಎಂದು ಕೇಳುವುದಕ್ಕಿಂತ, ಎದೆ ಸೇರಿದೆಯೇ, ಎಂಆರ್‌ಐ ರೆಕ್ಟಲ್ ಪ್ರೋಟೋಕಾಲ್ ಪ್ರಕಾರ ಮಾಡುತ್ತಾರೆಯೇ, ಹಳೆಯ ಚಿತ್ರಗಳೊಂದಿಗೆ ಹೋಲಿಸಿ ಬರೆಯುತ್ತಾರೆಯೇ, ಫಿಲ್ಮಿನ ಜತೆಗೆ ಸಿಡಿಯನ್ನೂ ಕೊಡುತ್ತಾರೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಬೇಕು. ಕರುಳಿನ ಮೇಲ್ಭಾಗದ ಗಡ್ಡೆಯಾಗಿದ್ದರೆ ಪೆಲ್ವಿಸ್ ಎಂಆರ್‌ಐ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ, ಸಿಟಿ ಸಾಕಾಗುತ್ತದೆ.

ವಿಕಿರಣ ಚಿಕಿತ್ಸೆ ಮುಗಿದು ಎಂಟು ವಾರದ ಮೇಲೆ ಅದೇ ಎರಡನೆಯ ಸೆಂಟರಿಗೆ ಮತ್ತೆ ಹೋದೆವು. ಅದೇ ರೇಡಿಯಾಲಜಿಸ್ಟ್ ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರು: ಗಡ್ಡೆ ಕುಗ್ಗಿ ಪೊರೆಯಿಂದ ಹಿಂದೆ ಸರಿದಿತ್ತು, ಶ್ವಾಸಕೋಶದ ಗಂಟು 4 ಮಿಲಿಮೀಟರೇ ಇತ್ತು. ರಿಪೋರ್ಟನ್ನು ಈ ಸಲ ವೈದ್ಯರಿಗೇ ನೇರವಾಗಿ ಕಳಿಸಿ ಎಂದು ಬರೆದುಕೊಟ್ಟಿದ್ದೆ, ಹಾಗೆಯೇ ಮಾಡಿದರು. ಬಟ್ಟೆ ಬದಲಿಸುವ ಕೋಣೆಯ ಬಳಿ ನಾನು ಅಭ್ಯಾಸಬಲದಿಂದ ಕೈ ಚಾಚಿದಾಗ, ಉಡಿದಾರವನ್ನು ಊರಲ್ಲೇ ದೇವರ ಮನೆಯಲ್ಲಿ ಬಿಚ್ಚಿಟ್ಟು ಬಂದಿದ್ದೇನೆ ಎಂದರು ತಂದೆಯವರು.